ಅಂಗಳಕ್ಕೆ ಕಟ್ಟಿದ ಹಗ್ಗ

ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಕೊಳ್ಳೇಗಾಲದ ನಮ್ಮ ಮನೆಯ ಅಂಗಳ. ಹಾಜರಿದ್ದವರು ನಾನು, ನನ್ನ ಹೆಂಡತಿ ಮಾದಮ್ಮ, ಮತ್ತು ಯಾರೂ ಕರೆಯದಿದ್ದರೂ ಬೇಲಿಯಾಚೆ ನಿಂತ ಪಕ್ಕದ ಮನೆಯ ಪುಟ್ಟಣ್ಣ. ಹೀಗೆ ಬರೆಯುವುದು ಕಾಲೇಜಿನ ಕಚೇರಿಯಲ್ಲಿ ಅಂಟಿದ ಚಾಳಿ. ಪಿಂಚಣಿ ಬಂದರೂ ಬಿಟ್ಟಿಲ್ಲ. ಅಲ್ಲೇ ಅಂಟಿದ ಇನ್ನೊಂದು ಚಾಳಿಯ ವಿಷಯ ಹೇಳಬೇಕು.

ನಾನು ಬೆಳೆದದ್ದು ಕೊಯಮತ್ತೂರಿನ ಕಡೆಯ ಒಂದು ಕಾಲೇಜಿನ ಆವರಣದಲ್ಲಿ. ಅಪ್ಪ ಅಲ್ಲಿ ಜವಾನ. ನಮ್ಮ ಕ್ವಾರ್ಟರ್ಸಿಗೆ ಬಿಸಿಲು ಬೀಳುತ್ತಿದ್ದುದು ಮುಂದುಗಡೆ ಮಾತ್ರ. ಪ್ರಿನ್ಸಿಪಾಲರ ಕಿಟಕಿ ತೆರೆಯುತ್ತಿದ್ದುದೂ ಆ ಕಡೆಗೇ. ವಿದ್ಯೆಯ ಎದುರು ಸೀರೆ ಹಾರಾಡಬಾರದೆಂದು ಅಪ್ಪಣೆಯಾಯಿತು. ಅವ್ವ ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಸೀರೆ ಒಣಗಿಸಿದಳು. ಬದುಕಿದ್ದಷ್ಟು ಕಾಲ ಅವಳ ಸೆರಗಿನಲ್ಲಿ ಹೊಗೆಯ ವಾಸನೆ. ತಾಯಂದಿರ ವಾಸನೆಯೇ ಅದು ಎಂದುಕೊಂಡಿದ್ದೆ.

ಮುಂದೆ ಅದೇ ಕಾಲೇಜಿನಲ್ಲಿ ಗುಮಾಸ್ತನಾದೆ. ಹೊನ್ನೂರಿನಲ್ಲಿ ಗದ್ದೆ ಬದುವಿನ ಮೇಲೆ ಸೀರೆ ಹರಡಿ ಬೆಳೆದ ಹುಡುಗಿಯನ್ನು ಮದುವೆಯಾಗಿ ಅದೇ ಕ್ವಾರ್ಟರ್ಸಿಗೆ ಕರೆತಂದೆ. ಅಷ್ಟರಲ್ಲಿ ಬೇರೆ ಪ್ರಿನ್ಸಿಪಾಲರು ಬಂದಿದ್ದರು; ಅವರಿಗೆ ಕಿಟಕಿಯಾಚೆ ನೋಡುವ ಅಭ್ಯಾಸವೇ ಇರಲಿಲ್ಲ. ಆದರೂ ಮೊದಲ ದಿನವೇ ಅವಳ ಒದ್ದೆ ಸೀರೆಯನ್ನು ನಾನೇ ಒಳಗೆ ತಂದು ನಿಯಮ ಹೇಳಿದೆ. "ಸೂರ್ಯಂಗೂ ನಿಮ್ ಕಾಲೇಜ್ನಲ್ಲಿ ರಜ ಕೊಟ್ಟವ್ರಾ?" ಎಂದಳು. ನಾನು ನಗಲಿಲ್ಲ. ಅವಳು ಮತ್ತೆ ಕೇಳಲಿಲ್ಲ.

ಈಗ ಸ್ವಂತ ಮನೆ, ಅಂಗಳದ ತುಂಬ ಬಿಸಿಲು. ಮಾದಮ್ಮನ ಸೀರೆ ಮಾತ್ರ ಇನ್ನೂ ಒಲೆಯ ಮೇಲೇ ಒಣಗುತ್ತದೆ. ಮೊನ್ನೆ ಮೊಮ್ಮಗಳು ಅವಳ ಮಡಿಲಲ್ಲಿ ಮುಖ ಇಟ್ಟು, "ಅಜ್ಜಿ ಅಂದ್ರೆ ಒಗೆ ವಾಸ್ನೆ" ಎಂದಳು.

ಅದಕ್ಕೇ ಇವತ್ತು ಮಟ್ಟ ನೋಡಿ ಎರಡು ಕಂಬಕ್ಕೆ ಹಗ್ಗ ಬಿಗಿದೆ. "ಏನ್ ಸಾ, ಅಗ್ಗ ಜೋರಾಗದೆ, ಅಸ ತಂದ್ರಾ?" ಎಂದ ಪುಟ್ಟಣ್ಣ. ಹಸು ಕಟ್ಟಿದರೂ ತಡೆಯುವಂತಿದೆಯೇ ಎಂದು ಹಗ್ಗ ಜಗ್ಗಿ ನೋಡಿದೆ. ಮಾದಮ್ಮ ಬಕೆಟ್ಟು ತಂದು ನನ್ನ ಪಂಚೆ, ನನ್ನ ಅಂಗಿ, ನನ್ನ ಟವೆಲ್ಲು ಸಾಲಾಗಿ ಹರವಿದಳು. ತನ್ನ ಸೀರೆ ಎತ್ತಿಕೊಂಡು ಒಳಗೆ ಹೊರಟಳು.

"ಇಲ್ಲೇ ಹಾಕೇ, ಜಾಗ ಇದೆಯಲ್ಲ."

"ಬ್ಯಾಡ ಕಣ್ರಿ, ಬೀದಿಯೋರು ನೋಡ್ತರೆ. ನಂಗೆ ಒಲೆ ಮ್ಯಾಲೇ ರೂಢಿ ಆಗೋಗದೆ."

ಅಷ್ಟು ದೊಡ್ಡ ಕಾಲೇಜಿನಲ್ಲಿ ಕಲಿಸಿದ್ದನ್ನು ಇಷ್ಟು ಚೆನ್ನಾಗಿ ಕಲಿತವರನ್ನು ನಾನು ಕಾಣೆ. ಕಲಿಸಿದವನು ಮೇಷ್ಟ್ರೂ ಅಲ್ಲ, ಬರೀ ಗುಮಾಸ್ತ.

ಸಂಜೆ ನನ್ನ ಬಟ್ಟೆ ಮಡಿಸಿದೆ. ಪಂಚೆಯಲ್ಲಿ ಬಿಸಿಲಿನ ವಾಸನೆ ಇತ್ತು. ಹಗ್ಗ ಬಿಚ್ಚಲೇ ಎಂದು ಕೇಳಿದೆ. "ಇರ್ಲಿ ಬುಡ್ರಿ, ಪುಟ್ಟಣ್ಣ ಏಳ್ದಂಗೆ ಏನಾರ ಕಟ್ಟಾಕವ" ಎಂದಳು. ಯಾರನ್ನು ಕಟ್ಟುವ ಯೋಚನೆಯೋ, ಕೇಳುವ ಧೈರ್ಯ ಬರಲಿಲ್ಲ. ಗಂಟನ್ನು ಇನ್ನೊಮ್ಮೆ ಬಿಗಿದು ಒಳಗೆ ಬಂದೆ.