ದೊಡ್ಡಕ್ಕನ ಸೊಟ್ಟ ಸಾಲು

ಗೆರೆಯಕ್ಕನ ಕೈಗೆ ಒಂದು ಕೆಟ್ಟ ಅಭ್ಯಾಸವಿತ್ತು. ಸೊಟ್ಟಗಿರುವುದನ್ನು ಕಂಡರೆ ಅದು ಒಡತಿಯ ಅಪ್ಪಣೆಗೆ ಕಾಯುತ್ತಿರಲಿಲ್ಲ. ಆ ಬೆಳಿಗ್ಗೆಯೂ ಹಾಗೇ ಆಯಿತು. ದರ್ಜಿ ಅಂಗಡಿಯ ಮೇಲಿನ ಕೋಣೆಯ ಬೀಗ ತೆಗೆದು, ಕಸ ಗುಡಿಸಿ, ನೆಲದ ಮೇಲೆ ಹಾಸಿದ್ದ ಕೌದಿಯ ಪಕ್ಕ ಏನೋ ಯೋಚಿಸುತ್ತ ಕೂತಿದ್ದಳು. ಅಷ್ಟರಲ್ಲಿ ಕೈ ಕತ್ತರಿ ಎತ್ತಿಕೊಂಡು ದೊಡ್ಡಕ್ಕನ ಕೊನೆಯ ಸಾಲನ್ನು ಬಿಚ್ಚಿ, ಹೊಸ ದಾರ ಪೋಣಿಸಿ, ನೆಟ್ಟಗೆ ಹೊಲಿದು ಗಂಟೂ ಹಾಕಿಬಿಟ್ಟಿತ್ತು. ಮಿಕ್ಕ ದಾರ ಕಡಿಯಲು ಹಲ್ಲಿನ ಸಹಾಯ ಬೇಕಾದಾಗಲೇ ಗೆರೆಯಕ್ಕನಿಗೆ ವಿಷಯ ತಿಳಿದದ್ದು.

ತಿಳಿದ ಮೇಲೂ ಅವಳೇನೂ ಗಾಬರಿಯಾಗಲಿಲ್ಲ. ಅದು ಅವಳ ಪಾಲಿನ ಕೆಲಸವೇ ಆಗಿತ್ತು. ಆ ಕೋಣೆಯಲ್ಲಿ ನಾಲ್ವರು ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ, ಕೌದಿಯ ನಾಲ್ಕು ಬದಿಗೆ ಕೂತು, ಅಂಚಿನಿಂದ ನಡುವಿನತ್ತ ಸಾಲು ಸಾಲಾಗಿ ಹೊಲಿಯುತ್ತ ಬರುತ್ತಿದ್ದರು. ಮುಗಿದ ಕೌದಿಗಳು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗುತ್ತಿದ್ದವು. ಮೂವರ ಸಾಲು ಒಪ್ಪವಾಗಿರುತ್ತಿತ್ತು. ದೊಡ್ಡಕ್ಕನದು ಮಾತ್ರ ಸಂತೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಹಾಗೆ ಆಚೀಚೆ ಓಡುತ್ತಿತ್ತು. ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದು ಉಳಿದವರು ಪಿಸುಗುಟ್ಟಿಕೊಂಡರು. ಅವಳಿಗೆ ನೋವಾಗದಿರಲೆಂದು ಒಂದು ಏರ್ಪಾಟು ಮಾಡಿಕೊಂಡರು. ಸಂಜೆ ಎಲ್ಲರೂ ಹೋದ ಮೇಲೆ ಗೆರೆಯಕ್ಕ ಹಿಂದುಳಿದು ಆ ಸಾಲನ್ನು ಬಿಚ್ಚಿ ಮತ್ತೆ ಹೊಲಿಯುವುದು. ಗೆರೆ ಎಳೆದಂತೆ ಹೊಲಿಯುತ್ತಾಳೆಂದೇ ಅವಳಿಗೆ ಆ ಹೆಸರು ಬಿದ್ದಿತ್ತು. ಗಂಡ ತೀರಿಕೊಂಡ ಮೇಲೆ ಅವಳಿಗೆ ಮನೆಗೆ ಹೋಗುವ ಅವಸರವೂ ಇರಲಿಲ್ಲ.

ಹೋದ ವಾರ ಒಂದು ಸಂಜೆ ಕರೆಂಟು ಹೋಗಿ ಎಲ್ಲರೂ ಬೇಗ ಕೆಲಸ ಬಿಟ್ಟು ಎದ್ದಿದ್ದರು. "ಮಿಕ್ಕಿದ್ದು ನಾಳೆ ಕಣ್ರೇ" ಎಂದು ಅರ್ಧ ಸಾಲಿಗೆ ಸೂಜಿ ಚುಚ್ಚಿಟ್ಟು ಹೋದ ದೊಡ್ಡಕ್ಕ ಮತ್ತೆ ಬರಲಿಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಬೇರೆ ಊರಿನಿಂದ ಬಂದಿದ್ದ ಅವಳ ಮಗಳು ಇವತ್ತು ಸಂಜೆ ಬಂದು ಆ ಕೌದಿಯನ್ನು ಅಮ್ಮನ ನೆನಪಿಗೆಂದು ಒಯ್ಯುವವಳಿದ್ದಳು.

ಮೊದಲು ಬಂದವಳು ಲೈಬ್ರರಿಯಮ್ಮ. ಬೀದಿ ತಿರುವಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವುದು ಅವಳ ಕೆಲಸ. ಅವಳು ಓದುವುದು ಒಂದೇ ಜಾತಿಯ ಕಾದಂಬರಿಗಳನ್ನು. ಅವುಗಳಲ್ಲಿ ಹೆಂಗಸರು ಒಂದೆಡೆ ಕೂತು ಹೊಲಿಯುತ್ತಾರೆ, ಜಗಳವಾಡುತ್ತಾರೆ, ತಬ್ಬಿಕೊಂಡು ಅಳುತ್ತಾರೆ. ಅಂಥವನ್ನು ಓದಿ ಓದಿ, ತಮ್ಮ ನಾಲ್ವರಲ್ಲೂ ಯಾರಾದರೊಬ್ಬರು ಏನಾದರೂ ಗುಟ್ಟು ಬಿಚ್ಚಿಟ್ಟಾರೆಂದು ಬಹುಕಾಲದಿಂದ ಕಾಯುತ್ತಿದ್ದಳು.

"ಹೊಸ ಕಾದಂಬರಿ ಮುಗಿಸಿದೆ ಕಣ್ರೇ! ಇದರಲ್ಲೂ ಕೌದಿ ಹೊಲಿಯೋ ಗೆಳತಿಯರು. ಒಬ್ಬಳು ಸತ್ತುಹೋಗ್ತಾಳೆ. ಉಳಿದವರು ಅವಳ ಕೊನೇ ಸಾಲನ್ನ ಮುಟ್ಟೋದೇ ಇಲ್ಲ. ನಾವೂ ಹಾಗೇ ಮಾಡೋಣ. ದೊಡ್ಡಕ್ಕನ ಮಗಳು ಅದರ ಮೇಲೆ ಕೈ ಆಡಿಸಿ ಅತ್ತುಬಿಡ್ತಾಳೆ ನೋಡಿ."

"ಅಳಿಸೋಕೂ ಪ್ಲಾನ್ ಹಾಕ್ತಿದೀಯಲ್ಲೇ!" ಎನ್ನುತ್ತ ನರ್ಸಮ್ಮ ಮೆಟ್ಟಿಲು ಹತ್ತಿ ಬಂದಳು. ಆಸ್ಪತ್ರೆಯಿಂದ ನಿವೃತ್ತಳಾದರೂ ಎದುರಿಗೆ ಸಿಕ್ಕವರನ್ನೆಲ್ಲ ರೋಗಿಗಳೆಂದೇ ತಿಳಿದವಳು. "ಆದ್ರೆ ಮಾತು ಸರಿ. ಅವಳ ಕೈಹೊಲಿಗೆ ಅಂತ ಉಳಿದಿರೋದು ಅದೊಂದೇ ಸಾಲು. ಮಿಕ್ಕಿದ್ದೆಲ್ಲ ಇವಳು ಬಿಚ್ಚಿ ಬಿಸಾಕಿದಾಳೆ."

ಗೆರೆಯಕ್ಕನ ಕಾಲು ಜಾಣತನದಿಂದ ಸರಿದು ಆ ಸಾಲಿನ ಮೇಲೆಯೇ ಕೂತಿತು.

"ಎಲ್ಲಿ, ಸ್ವಲ್ಪ ಸರಿ. ಒಂದ್ಸಲ ನೋಡ್ತೀನಿ," ಎಂದಳು ಲೈಬ್ರರಿಯಮ್ಮ.

"ಬೇಡ! ಈಗ್ಲೇ ನೋಡಿಬಿಟ್ರೆ ಸಂಜೆ ಅಳು ಬರಲ್ಲ. ಅಂಚು ಕಟ್ಟೋದೊಂದು ಬಾಕಿ ಇದೆ, ನೀವು ಹೋಗಿ ಬನ್ನಿ," ಎಂದಳು ಗೆರೆಯಕ್ಕ.

ಅಳು ಬರುವುದಿಲ್ಲವೆಂಬ ಮಾತು ಲೈಬ್ರರಿಯಮ್ಮನಿಗೆ ನಾಟಿತು. ನರ್ಸಮ್ಮ ಮಾತ್ರ ಕದಲಲಿಲ್ಲ.

"ಮುಖ ಯಾಕೇ ಸುಣ್ಣ ಬಳಿದ ಹಾಗಿದೆ? ನಾಲಿಗೆ ತೋರ್ಸು."

ಗೆರೆಯಕ್ಕ ಕೂತಲ್ಲಿಂದಲೇ ನಾಲಿಗೆ ಚಾಚಿದಳು. ಅದರಲ್ಲಿ ಸುಳ್ಳು ಹೇಳಿದ ಗುರುತೇನೂ ಕಾಣದ್ದರಿಂದ ಇಬ್ಬರೂ ಹೊರಟರು.

ಒಬ್ಬಳೇ ಆದಮೇಲೆ ಅವಳು ಕಸದ ಬುಟ್ಟಿಯಲ್ಲಿ ಕೈಯಾಡಿಸಿದಳು. ದೊಡ್ಡಕ್ಕನ ದಾರದ ಚೂರುಗಳು ಸಿಕ್ಕವು. ಆದರೆ ತಾವು ಎಲ್ಲಿಂದ ಹೊರಟು ಎಲ್ಲಿ ತಿರುಗಿದ್ದೆವೆಂದು ಅವು ಹೇಳಲಿಲ್ಲ. ಹೋಗಿ ನಿಜ ಹೇಳಿಬಿಡೋಣವೇ ಎನಿಸಿತು. ಗೆಳತಿಯರು ಬೈಯುವವರಲ್ಲ. "ಅಯ್ಯೋ, ಅದನ್ನೂ ಬಿಡಲಿಲ್ವೇನೇ?" ಎಂದಷ್ಟೇ ಕೇಳುತ್ತಾರೆ. ಆ ಒಂದು ಮಾತನ್ನು ಹೊತ್ತುಕೊಂಡು ಮತ್ತೆ ಈ ಕೋಣೆಯ ಮೆಟ್ಟಿಲು ಹತ್ತಲು ತನ್ನಿಂದಾಗದು. ಈ ಕೋಣೆ ಬಿಟ್ಟರೆ ಅವಳಿಗೆ ಹೋಗಲು ಇದ್ದದ್ದಾದರೂ ಎಲ್ಲಿ?

ಇದ್ದ ದಾರಿ ಒಂದೇ. ದೊಡ್ಡಕ್ಕನ ಹಾಗೆ ಸೊಟ್ಟಗೆ ಹೊಲಿಯುವುದು.

ಮೊದಲು ಸೀಮೆಸುಣ್ಣದಲ್ಲಿ ಅಂಕುಡೊಂಕು ಗೆರೆ ಎಳೆದು ಅದರ ಮೇಲೆ ಹೊಲಿದಳು. ಒಂದೊಂದು ಡೊಂಕೂ ಪಕ್ಕದ ಡೊಂಕಿನ ಅವಳಿಯಂತೆ ಬಂತು. ಸೊಟ್ಟತನವೂ ಶಿಸ್ತಾಗಿ ಶಾಲೆಗೆ ಹೊರಟಂತೆ ಕಾಣುತ್ತಿತ್ತು. ಬಿಚ್ಚಿದಳು. ಎಡಗೈಯಲ್ಲಿ ಹೊಲಿದಳು. ಸೂಜಿ ಬಟ್ಟೆಗಿಂತ ಬೆರಳನ್ನೇ ಹೆಚ್ಚಾಗಿ ಹೊಲಿಯಿತು. ಕೊನೆಗೆ ಕಣ್ಣು ಮುಚ್ಚಿಕೊಂಡು ಹೊಲಿದಳು. ಅದು ಎಷ್ಟೋ ಸಲೀಸಾಗಿ ಸಾಗುತ್ತಿದೆ ಎನ್ನುವಷ್ಟರಲ್ಲಿ ಕೆಳಗಿನಿಂದ ದರ್ಜಿ ಕೂಗಿದ.

"ಅಕ್ಕಾ! ಟ್ಯಾಂಕ್ ತುಂಬಿ ಹರೀತಿದೆ, ಮೋಟರ್ ಆಫ್ ಮಾಡಿ!"

ಅವಳು ದಡಬಡಿಸಿ ಎದ್ದಳು. ಕೌದಿಯೂ ಎದ್ದಿತು. ಬಾಗಿಲವರೆಗೆ ಹೋದಳು. ಕೌದಿಯೂ ಹಿಂದೆಯೇ ಬಂತು. ಉಟ್ಟ ಬಟ್ಟೆಯ ಅಂಚನ್ನು ಅದಕ್ಕೆ ಸೇರಿಸಿ ಭದ್ರವಾಗಿ ಹೊಲಿದುಕೊಂಡಿದ್ದಳು.

ಮೋಟರ್ ಆರಿಸಲು ತಾನೇ ಮೇಲೆ ಬಂದ ದರ್ಜಿ ಬಾಗಿಲಲ್ಲೇ ನಿಂತ. "ಇದೇನಕ್ಕ, ಕೌದಿ ಉಟ್ಕೊಂಡು ಎಲ್ಲಿಗೆ ಹೊರಟ್ರಿ?"

ಗೆರೆಯಕ್ಕನಿಗೆ ಇನ್ನು ಮುಚ್ಚಿಡಲಾಗಲಿಲ್ಲ. "ಯಾರಿಗೂ ಹೇಳ್ಬೇಡಿ. ನನಗೆ ದೊಡ್ಡಕ್ಕನ ಹಾಗೆ ಸೊಟ್ಟ ಹೊಲೀಬೇಕು, ಬರ್ತಾ ಇಲ್ಲ."

"ಸೊಟ್ಟ ಹೊಲಿಯೋದಾ? ನನ್ನ ಗಿರಾಕಿಗಳನ್ನ ಕೇಳಿ ನೋಡಿ, ನನಗೆ ಹುಟ್ಟಿನಿಂದ ಬಂದಿದೆ," ಎಂದು ನಕ್ಕ ದರ್ಜಿ, ಅವಳ ಮುಖ ಕಂಡು ನಗು ನುಂಗಿಕೊಂಡು ಅಂಚು ಬಿಡಿಸಿಕೊಟ್ಟ. "ಆದ್ರೆ ದೊಡ್ಡಕ್ಕ ಹೊಲಿವಾಗ ಬಟ್ಟೆ ಎಲ್ಲಿ ನೋಡ್ತಿದ್ರು? ನಾನು ಟೀ ತಂದಾಗೆಲ್ಲ ನೋಡಿದೀನಲ್ಲ. ತಲೆ ಎತ್ಕೊಂಡು ಎದುರಿಗೆ ನಿಮ್ಮನ್ನೇ ನೋಡ್ತಿದ್ರು."

ಅವನು ಹೋದ ಮೇಲೆ ಗೆರೆಯಕ್ಕ ದೊಡ್ಡಕ್ಕನ ಜಾಗಕ್ಕೆ ಹೋಗಿ ಕೂತಳು. ದಿನಾ ಸಂಜೆ ಕೌದಿಯನ್ನೇ ತನ್ನತ್ತ ತಿರುಗಿಸಿಕೊಳ್ಳುತ್ತಿದ್ದ ಅವಳು ಅಲ್ಲಿ ಎಂದೂ ಕೂತಿರಲಿಲ್ಲ. ತಲೆ ಎತ್ತಿದಳು. ಎದುರಿಗೆ ತನ್ನದೇ ಜಾಗ ಖಾಲಿಯಾಗಿತ್ತು. ಗೋಡೆಯ ಮೇಲೆ ತಾನು ಒರಗಿ ಒರಗಿ ಆದ ಎಣ್ಣೆಯ ಕಲೆ ಕಾಣುತ್ತಿತ್ತು. ದೊಡ್ಡಕ್ಕ ತೀರಿಕೊಂಡ ದಿನ ಬಂದವರಿಗೆ ಚಾಪೆ ಹಾಸುವುದು, ನೀರು ಕೊಡುವುದು ಎಂದು ಓಡಾಡಿ ಅಳುವುದಕ್ಕೆ ಅವಳಿಗೆ ಪುರಸೊತ್ತೇ ಆಗಿರಲಿಲ್ಲ. ಈಗ ಕಣ್ಣು ತುಂಬಿತು. ಸೂಜಿ, ದಾರ, ಬಟ್ಟೆ ಎಲ್ಲ ಒಂದರೊಳಗೊಂದು ಕರಗಿದವು. ಆದರೂ ಕೈ ನಡೆಯುತ್ತಲೇ ಇತ್ತು.

ಕಣ್ಣೊರೆಸಿಕೊಂಡು ನೋಡಿದರೆ ಹೊಲಿಗೆ ಸಾಕ್ಷಾತ್ ದೊಡ್ಡಕ್ಕನದು. ಸಂತೋಷವಾಯಿತು. ಸಂತೋಷಕ್ಕೆ ಅಳು ನಿಂತಿತು. ಅಳು ನಿಂತದ್ದೇ ಹೊಲಿಗೆ ನೆಟ್ಟಗಾಯಿತು. ಗಾಬರಿಯಾಗಿ ಮತ್ತೆ ದುಃಖವನ್ನು ಕರೆದಳು. ಅದೂ ದೂರವೇನೂ ಹೋಗಿರಲಿಲ್ಲ. ಹೀಗೆ ಅಳುತ್ತ ಹೊಲಿದು, ಹಿಗ್ಗಿ ಬಿಚ್ಚಿ, ಮತ್ತೆ ಅತ್ತು, ಅರ್ಧ ಸಾಲು ಮುಗಿಸಿದಾಗ ಬಿಸಿಲು ಇಳಿದಿತ್ತು.

ಸಂಜೆ ಗೆಳತಿಯರಿಬ್ಬರೂ ಬಂದು ಕೌದಿಯ ಮುಂದೆ ಕೂತರು. ಲೈಬ್ರರಿಯಮ್ಮ ಸಾಲಿನ ಮೇಲೆ ಬೆರಳಾಡಿಸಿ ಕಾದಂಬರಿಯಲ್ಲಿದ್ದಂತೆಯೇ ಬಿಕ್ಕಿದಳು. "ಇದೇ ಕಣ್ರೇ ಅವಳ ಕೈ! ಯಾರಿಂದ ಆಗುತ್ತೆ ಹೀಗೆ?"

"ಇಲ್ನೋಡು, ಇಲ್ಲಿ ಬಿಪಿ ಏರಿದೆ," ನರ್ಸಮ್ಮ ಒಂದು ತಿರುವನ್ನು ತೋರಿಸಿದಳು. "ಇಲ್ಲಿ ಉಸಿರು ಸಿಕ್ಕಿಕೊಂಡಿದೆ. ನಾನು ಆವತ್ತೇ ಇದನ್ನ ನೋಡಿದ್ರೆ ಅವಳನ್ನ ಉಳಿಸ್ಕೋತಿದ್ದೆ." ಅವಳೂ ಮೂಗು ಒರೆಸಿಕೊಂಡಳು. ಗೆರೆಯಕ್ಕ ತನ್ನ ಹೊಲಿಗೆಗೆ ಬಂದ ರೋಗವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಅಷ್ಟರಲ್ಲಿ ಮಗಳು ಬಂದಳು. ಸಾಲನ್ನು ನೋಡಿದಳು, ಬಗ್ಗಿ ಮತ್ತೊಮ್ಮೆ ನೋಡಿದಳು.

"ಚಿಕ್ಕಮ್ಮ, ಇದು ಅಮ್ಮನ ಕೈ ಅಲ್ವಲ್ಲ."

ಗೆರೆಯಕ್ಕ ಪಕ್ಕದಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

ಮಗಳು ಚೀಲದಿಂದ ಮಗುವಿನ ಪುಟ್ಟ ಕೌದಿಯೊಂದನ್ನು ತೆಗೆದು ಹಾಸಿದಳು. "ಹೋದ ತಿಂಗಳು ನನ್ನ ಮಗುಗೆ ಅಂತ ಹೊಲಿದು ಕಳ್ಸಿದ್ಳು. ಅಮ್ಮನ ಹೊಲಿಗೆ ಅಂದ್ರೆ ಇದು."

ಎಳ್ಳು ಸಾಲಿಟ್ಟಂಥ ಹೊಲಿಗೆ. ಇದರ ಮುಂದೆ ಗೆರೆಯಕ್ಕನ ಹೊಲಿಗೆಯೂ ಕುಂಟುತ್ತಿತ್ತು.

"ಅವಳಿಗೆ ಕಣ್ಣೇ ಕಾಣ್ತಿರಲಿಲ್ವಲ್ಲೇ?" ಎಂದಳು ನರ್ಸಮ್ಮ.

"ಅಮ್ಮನಿಗಾ? ಎದುರುಮನೆ ಗಡಿಯಾರ ನೋಡಿ ಟೈಮ್ ಹೇಳೋಳು!" ಎಂದ ಮಗಳು ಸಟ್ಟನೆ ಏನೋ ನೆನಪಿಸಿಕೊಂಡಳು. "ಓ... ಹಾಗಾದ್ರೆ ಇದು ಅದೇ ಇರ್ಬೇಕು. ಫೋನಲ್ಲಿ ಒಂದ್ಸಲ ಹೇಳಿದ್ಳು. ಅಲ್ಲೊಬ್ಬಳಿದಾಳೆ, ಖಾಲಿ ಮನೆಗೆ ಹೋಗೋಕೆ ಅವಳಿಗೆ ಕಾಲೇ ಬರಲ್ಲ, ನಾನು ನೆಟ್ಟಗೆ ಹೊಲಿದುಬಿಟ್ರೆ ಸಂಜೆ ಅವಳಿಗೆ ಕೂತ್ಕೊಳ್ಳೋಕೆ ಕೆಲಸ ಎಲ್ಲಿರುತ್ತೆ, ಅದಕ್ಕೇ ದಿನಾ ಕೆಡಿಸಿಟ್ಟು ಬರ್ತೀನಿ ಅಂತ."

ಕೆಳಗೆ ದರ್ಜಿಯ ಮಿಷನ್ ಒಂದಿಷ್ಟು ಓಡಿ ನಿಂತಿತು. ಲೈಬ್ರರಿಯಮ್ಮ ಬಹುಕಾಲದಿಂದ ಕಾದಿದ್ದ ಗುಟ್ಟು ಹೊರಬಿದ್ದಿತ್ತು. ಈಗ ಅವಳಿಗೆ ಎಲ್ಲಿ ನೋಡಬೇಕೆಂದೇ ತೋಚಲಿಲ್ಲ.

"ಒಂದು ಉಪಕಾರ ಮಾಡಿ ಚಿಕ್ಕಮ್ಮ," ಎಂದಳು ಮಗಳು, ಅಮ್ಮ ಹೇಳಿದವಳು ಇವಳೇ ಎಂದು ತಿಳಿಯದೆ ಗೆರೆಯಕ್ಕನನ್ನೇ ನೋಡುತ್ತ. "ಈ ಸಾಲು ಬಿಚ್ಚಿ ನೆಟ್ಟಗೆ ಮಾಡಿಕೊಡ್ತೀರಾ? ನನ್ನ ಮಗು ದೊಡ್ಡದಾದ ಮೇಲೆ, ಅಜ್ಜಿಗೆ ಹೊಲಿಯೋಕೇ ಬರ್ತಿರಲಿಲ್ಲ ಅಂದ್ಕೋಬಾರ್ದು. ಬೆಳಿಗ್ಗೆ ಬಸ್ಸು ಹತ್ತೋ ಮುಂಚೆ ಬಂದು ತಗೋತೀನಿ."

ಅವಳು ಹೋದ ಮೇಲೆ ನರ್ಸಮ್ಮ ಗೆರೆಯಕ್ಕನತ್ತ ತಿರುಗಿದಳು. "ಏಳೇ, ನಮ್ಮನೆಗೆ ಬಾ ಊಟಕ್ಕೆ."

"ನಿಮ್ಮನೇಲಿ ಉಪ್ಪಿಲ್ಲದ ಊಟ. ನಮ್ಮನೆಗೇ ಬರ್ಲಿ," ಎಂದಳು ಲೈಬ್ರರಿಯಮ್ಮ.

"ಇನ್ನೊಂದಿನ ಬರ್ತೀನಿ ಕಣ್ರೇ," ಎಂದಳು ಗೆರೆಯಕ್ಕ. "ಇವತ್ತು ಕೆಲಸ ಇದೆ."

ಇಬ್ಬರೂ ಮೆಟ್ಟಿಲಿನುದ್ದಕ್ಕೂ ಉಪ್ಪಿನ ಬಗ್ಗೆ ಜಗಳವಾಡುತ್ತ ಇಳಿದುಹೋದರು. ಗೆರೆಯಕ್ಕ ದೀಪ ಹಾಕಿ ಕತ್ತರಿ ಎತ್ತಿಕೊಂಡಳು. ಬೇಕೆಂದೇ ನಿಧಾನ ಮಾಡಿದಳು. ಒಂದೊಂದೇ ಹೊಲಿಗೆ ಬಿಚ್ಚಿದಳು, ಕತ್ತರಿ ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಆದರೆ ಸೂಜಿ ಹಿಡಿದ ಮೇಲೆ ಕೈ ಅವಳ ಮಾತು ಕೇಳಲಿಲ್ಲ. ನೋಡನೋಡುತ್ತಿದ್ದಂತೆ ಸಾಲು ಮುಗಿದುಹೋಯಿತು.

ಕೌದಿಯನ್ನು ದೀಪದ ಕೆಳಗೆ ಹಿಡಿದು ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದಳು. ಒಂದಾದರೂ ಹೊಲಿಗೆ ತಪ್ಪಿದೆಯೇ ಎಂದು ಬೆರಳಾಡಿಸಿ ಹುಡುಕಿದಳು. ಎಲ್ಲೂ ತಪ್ಪಿರಲಿಲ್ಲ. ಸಾಲು ನೆಟ್ಟಗಿತ್ತು. ಎಷ್ಟು ನೆಟ್ಟಗಿತ್ತೆಂದರೆ, ಇನ್ನು ಮನೆಗೆ ಹೋಗದೆ ಬೇರೆ ದಾರಿಯೇ ಇರಲಿಲ್ಲ.