ಕುಲಾವಿ ಹಾಕಿದ ಗುಂಡುಕಲ್ಲು

ಹಳೇಬೀಡಿನ ಹೈಸ್ಕೂಲು ಗುಮಾಸ್ತ ವಿಮಲನಾಥನಿಗೆ ‘ಆಗೋಲ್ಲ’ ಎಂಬ ಮೂರಕ್ಷರ ಬರೆಯಲು ಬರುತ್ತಿತ್ತೇ ಹೊರತು ಬಾಯಲ್ಲಿ ಬರುತ್ತಿರಲಿಲ್ಲ. ಬಂದಿದ್ದರೆ 1978ರ ಆ ಬುಧವಾರ ಅವನು ಅರ್ಧ ದಿನ ರಜೆ ಹಾಕಿ, ಕಾಂತಮ್ಮನವರ ಅಂಗಳದಲ್ಲಿ ಬೀಟೆ ಮರದ ತೊಟ್ಟಿಲೊಂದರ ಮುಂದೆ ಪಿಳಿಪಿಳಿ ಕಣ್ಣು ಬಿಡುತ್ತ ನಿಂತಿರುತ್ತಿರಲಿಲ್ಲ.

ಅರಸೀಕೆರೆಯಲ್ಲಿ ಗೆಳೆಯ ಸಿದ್ದಬಸಪ್ಪನಿಗೆ ಗಂಡು ಮಗುವಾಗಿತ್ತು. ಗುರುವಾರ ನಾಮಕರಣ. ಆ ಮನೆತನದಲ್ಲಿ ಹೊಸ ತೊಟ್ಟಿಲು ಕೊಳ್ಳುವ ರೂಢಿಯಿಲ್ಲ. ಮಕ್ಕಳು ಬೆಳೆದು ಬಾಳಿದ ತೊಟ್ಟಿಲೇ ಬೇಕು. ಸಿದ್ದಬಸಪ್ಪನ ಸೋದರತ್ತೆ ಕಾಂತಮ್ಮನವರ ತೊಟ್ಟಿಲಲ್ಲಿ ಹನ್ನೊಂದು ಮಕ್ಕಳು ಬೆಳೆದಿದ್ದವು. ‘ನೀನು ತರದಿದ್ದರೆ ನನ್ನ ಮಗನಿಗೆ ಚಾಪೆಯೇ ಗತಿ’ ಎಂದು ಗೆಳೆಯ ಕಾರ್ಡು ಬರೆದಿದ್ದ.

“ಖಾಲಿ ತೊಟ್ಟಿಲು ಊರು ದಾಟಬಾರ್ದು ಕಣಪ್ಪ,” ಎಂದರು ಕಾಂತಮ್ಮ. ಒಳಗಿನಿಂದ ಗುಂಡುಕಲ್ಲು ತಂದು, ಹಳೇ ಸೀರೆಯಲ್ಲಿ ಸುತ್ತಿ ಮಲಗಿಸಿದರು. ಹನ್ನೊಂದು ಹೆತ್ತ ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಕಲ್ಲಿನ ನೆತ್ತಿಗೊಂದು ಕೆಂಪು ಕುಲಾವಿ ಕಟ್ಟಿ, ಮೇಲೊಂದು ದುಪ್ಪಟಿ ಹೊದಿಸಿ, “ಓರೆ ಮಾಡ್ಬೇಡ. ಬಸ್ಸಿನ ಮೇಲೆ ಹಾಕಿಸ್ಬೇಡ,” ಎಂದರು.

ವಿಮಲನಾಥ ತಲೆಯಾಡಿಸಿದ. ಆ ತಲೆಯೊಳಗೆ ಆಗ ಭಾನುವಾರದ ಹೆಣ್ಣು ನೋಡುವ ಶಾಸ್ತ್ರ ತುಂಬಿತ್ತು. ಮೂವತ್ತೈದು ವರ್ಷಕ್ಕೆ ಏಳು ಸಂಬಂಧ ತಪ್ಪಿ ಎಂಟನೆಯದು ಕೂಡುವ ಹಾಗಿತ್ತು. ಜಾವಗಲ್ಲಿನ ಜವಳಿ ವ್ಯಾಪಾರಿ ಜಿನದಾಸಯ್ಯನವರ ಮಗಳು ಪದ್ಮಲತಾಳ ಫೋಟೋ ಅವನ ಜೇಬಿನಲ್ಲಿತ್ತು. ಅವನ ಫೋಟೋವೂ ಅಲ್ಲಿಗೆ ಹೋಗಿತ್ತು. ಹತ್ತು ವರ್ಷದ ಹಿಂದೆ ತಲೆ ತುಂಬ ಕೂದಲಿದ್ದಾಗ ತೆಗೆಸಿದ್ದು. ಸ್ಟುಡಿಯೋದವನು ‘ಅಲುಗಾಡ್ಬೇಡಿ’ ಎಂದು ಗದರಿಸಿದ್ದರಿಂದ ಮುಖ ಜಪ್ತಿಗೆ ಬಂದ ಕೋರ್ಟಿನ ಅಮೀನನ ಹಾಗಿತ್ತು.

ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಕೆಂಚಪ್ಪ ಕೈ ಅಡ್ಡ ಇಟ್ಟ. “ಖಾಲಿ ತೊಟ್ಲು ಮೇಲಕ್ಕಾಕಿ ಸ್ವಾಮಿ.”

“ಖಾಲಿ ಇಲ್ಲ ಕಣ್ರೀ.”

ಕೆಂಚಪ್ಪ ಬಗ್ಗಿ ನೋಡಿದ. ಕುಲಾವಿ ಕಂಡಿತು. ತಕ್ಷಣ ಅವನ ದನಿ ಬೆಣ್ಣೆಯಾಯಿತು. “ಅಯ್ಯೋ, ಮಗೀನ ಇಟ್ಕೊಂಡು ನಿಂತೀರಲ್ಲ. ಏ ಲಕ್ಕಪ್ಪ, ಮುಂದ್ಲ ಸೀಟು ಬಿಡ್ಲಾ.”

ಕಲ್ಲು ಎಂದು ಹೇಳಲು ಅದೇ ಸರಿಯಾದ ಗಳಿಗೆ. ವಿಮಲನಾಥ ಸೀಟು ನೋಡಿದ. ಸೀಟು ಖಾಲಿಯಾಗಿತ್ತು. ಕೂತುಬಿಟ್ಟ.

ತೆಂಗಿನ ತೋಟದ ಲಕ್ಕಪ್ಪ ಸೀಟು ಬಿಟ್ಟುಕೊಟ್ಟ ಹಕ್ಕಿನಿಂದ ತೊಟ್ಟಿಲನ್ನು ಒಂದಿಷ್ಟು ಎತ್ತಿ ನೋಡಿದ. “ಅಬ್ಬ, ಏನ್ ತೂಕ ಐತೆ. ಮಗ ಒಳ್ಳೆ ಗುಂಡ್ಕಲ್ಲಂಗೆ ಅವ್ನೆ ಬಿಡಿ.”

ವಿಮಲನಾಥ ದುಪ್ಪಟಿಯನ್ನು ಇನ್ನಷ್ಟು ಮೇಲಕ್ಕೆಳೆದ.

ಹಿಂದಿನ ಸೀಟಿನಲ್ಲಿ ಒಬ್ಬ ಬಾಣಂತಿ ಮೂರು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. “ಇದರವ್ವ ಎಲ್ಲಣ್ಣ?” ಎಂದು ಕೇಳಿದಳು.

ಏನು ಹೇಳುವುದು? ಕಲ್ಲಿನ ತಾಯಿ ಬೇಲೂರಿನ ಕಡೆಯ ಯಾವುದೋ ಬಂಡೆ. ವಿಮಲನಾಥ ತಲೆ ತಗ್ಗಿಸಿದ. ತಗ್ಗಿಸಿದ್ದು ನಾಚಿಕೆಯಿಂದ. ಬಸ್ಸು ಅದನ್ನು ದುಃಖವೆಂದು ತಿಳಿಯಿತು.

“ಪಾಪ, ತಾಯಿ ಇಲ್ದ ಮಗ,” ಎಂಬ ಮಾತು ಸೀಟಿನಿಂದ ಸೀಟಿಗೆ ಹಾರಿ, ಡ್ರೈವರನ ಕಿವಿ ಮುಟ್ಟಿತು. ಅವನು ಹಾರನ್ ಹೊಡೆಯುವುದನ್ನೇ ಬಿಟ್ಟ. ಯಾರೋ ಬಾಳೆಹಣ್ಣು ಕೊಟ್ಟರು. ವಿಮಲನಾಥ ತಿಂದ, ಅದು ಗಂಟಲಲ್ಲಿ ಗುಂಡುಕಲ್ಲಿನ ತಮ್ಮನ ಹಾಗೆ ನಿಂತಿತು.

ಜಾವಗಲ್ಲಿನಲ್ಲಿ ಇಬ್ಬರು ಹೆಂಗಸರು ಹತ್ತಿದರು. ಕಿರಿಯವಳನ್ನು ನೋಡಿ ವಿಮಲನಾಥ ಜೇಬು ಮುಟ್ಟಿಕೊಂಡ. ಸಂದೇಹವಿಲ್ಲ, ಪದ್ಮಲತಾ. ಜೊತೆಯಲ್ಲಿದ್ದವರು ಅವಳ ಸೋದರತ್ತೆ, ಜಿನದಾಸಯ್ಯನವರ ತಂಗಿ ರಾಜಮತಿ. ಕೆಂಚಪ್ಪ ಅವರನ್ನು ಅವನ ಪಕ್ಕದಲ್ಲೇ ಕೂರಿಸಿ, ಟಿಕೆಟ್ಟಿನ ಜೊತೆಗೆ ತೊಟ್ಟಿಲ ಕತೆಯನ್ನೂ ಹರಿದು ಕೊಟ್ಟ.

ಬೊಕ್ಕತಲೆ ಪುಣ್ಯ ಕಟ್ಟಿಕೊಂಡಿತು. ಅವರಿಗೆ ಗುರುತು ಹತ್ತಲಿಲ್ಲ. ಆದರೆ ಭಾನುವಾರ ಹತ್ತೇ ಹತ್ತುತ್ತದೆ. ಆಗ ಏನಂದುಕೊಂಡಾರು? ಮೊದಲ ಮದುವೆ, ಮಗು ಎರಡನ್ನೂ ಮುಚ್ಚಿಟ್ಟವನೆಂದು. ಹಾಗೆಂದು ಈಗ ಹೇಳಿಬಿಟ್ಟರೆ? ಕಲ್ಲಿಗೆ ಕುಲಾವಿ ಹಾಕಿಕೊಂಡು ತಿರುಗುವವನೆಂದು. ಎರಡರಲ್ಲಿ ಯಾವುದು ವಾಸಿ ಎಂದು ಅವನು ಕೂಡಿ ಕಳೆಯುತ್ತಿರುವಾಗಲೇ ಎಮ್ಮೆಯೊಂದು ರಸ್ತೆಗೆ ಬಂತು.

ಡ್ರೈವರ್ ಬ್ರೇಕು ಒತ್ತಿದ. ತೊಟ್ಟಿಲು ಓಲಿತು. ಕಲ್ಲು ಉರುಳಿದರೆ ಲಕ್ಕಪ್ಪನ ಕಾಲ ಬೆರಳು ಚಟ್ನಿಯಾಗುವುದು ಖಂಡಿತ. ವಿಮಲನಾಥ ಮಂಡಿಯೂರಿ ಬಿದ್ದು, ತೊಟ್ಟಿಲನ್ನು ಎದೆಗೆ ಅವುಚಿಕೊಂಡ. ಮೊಣಕೈ ತರಚಿ ರಕ್ತ ಬಂತು.

“ನೋಡ್ದೇನಮ್ಮಿ,” ಎಂದಳು ಬಾಣಂತಿ ಪದ್ಮಲತಾಳಿಗೆ, “ಹೆತ್ತವ್ವನೂ ಹಿಂಗೆ ಹಿಡ್ಯಾಕಿಲ್ಲ.”

ಕಿಟಕಿಯ ಬಿಸಿಲು ಕುಲಾವಿಯ ಮೇಲೆ ಬೀಳುತ್ತಿತ್ತು. ಪದ್ಮಲತಾ ತನ್ನ ಸೆರಗನ್ನು ಅಡ್ಡ ಹಿಡಿದು, ಅರಸೀಕೆರೆಯವರೆಗೂ ಹಾಗೇ ಕೂತಳು. ಮಧ್ಯದಲ್ಲೊಮ್ಮೆ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆ ವಿಮಲನಾಥನನ್ನು ಅಡಿಯಿಂದ ಮುಡಿಯವರೆಗೆ, ಅಂದರೆ ಮುಡಿ ಇರಬೇಕಾಗಿದ್ದ ಜಾಗದವರೆಗೆ ನೋಡಿದರು.

ಅರಸೀಕೆರೆ ಸ್ಟ್ಯಾಂಡಿನಲ್ಲಿ ಎಲ್ಲರೂ ಸೇರಿ ತೊಟ್ಟಿಲನ್ನು ಹೂವಿನ ಹಾಗೆ ಇಳಿಸಿದರು. ಬಾಣಂತಿ ತನ್ನ ಕೂಸನ್ನು ಲಕ್ಕಪ್ಪನ ಕೈಗೆ ಕೊಟ್ಟು ಮುಂದೆ ಬಂದಳು.

“ಇತ್ತ ಕೊಡಣ್ಣ. ಆಗ್ಲಿಂದ ಕುಯ್ ಅಂದಿಲ್ಲ, ಹಸ್ದು ಸೊರಗೈತೆ. ನನ್ ಮಗೀಗೆ ಕುಡ್ಸಿ ಮಿಗ್ತದೆ. ಆ ಮರದ ಕೆಳ್ಗೆ ಕೂತು ಒಂದ್ ಗುಟುಕು ಕುಡುಸ್ಕೊಡ್ತೀನಿ.”

ಸೀಟು, ಬಾಳೆಹಣ್ಣು, ಸೆರಗಿನ ನೆರಳು ಎಲ್ಲವನ್ನೂ ನುಂಗಿದ್ದ ವಿಮಲನಾಥನಿಗೆ ಇದನ್ನು ನುಂಗಲು ಆಗಲಿಲ್ಲ. ಕುಲಾವಿಯ ದಾರ ಬಿಚ್ಚಿದ. ದುಪ್ಪಟಿ ತೆಗೆದ. ಗುಂಡುಕಲ್ಲು ಬಿಸಿಲಿಗೆ ಮಿರಮಿರ ಮಿಂಚಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಣಂತಿ ಕಲ್ಲನ್ನು ನೋಡಿದಳು, ಅವನನ್ನು ನೋಡಿದಳು, ಸೆರಗು ಸರಿಮಾಡಿಕೊಂಡು ತನ್ನ ಕೂಸನ್ನು ಇಸಿದುಕೊಂಡು ಹೋದಳು. ಕೆಂಚಪ್ಪ ಮಾತ್ರ, “ಓದ್ದೋರು ಸ್ವಾಮಿ ನೀವು,” ಎಂದ.

ವಿಮಲನಾಥ ರಾಜಮತಿಯವರ ಹಿಂದೆ ಓಡಿದ. “ಅಮ್ಮಾ, ನಾನೇ ಹಳೇಬೀಡಿನ ವಿಮಲನಾಥ. ಭಾನುವಾರ ನಿಮ್ಮ ಮನೆಗೆ ಬರಬೇಕಾದವನು. ನಂಗೆ ಹೆಂಡ್ತಿ ಇಲ್ಲ, ಮಗು ಇಲ್ಲ. ತೊಟ್ಟಿಲು ಸ್ನೇಹಿತನ ಮಗೂಗೆ.”

ರಾಜಮತಿ ನಿಂತು ತಿರುಗಿದರು. “ನಿಮ್ಮ ಫೋಟೋ ನೋಡಿ ಇವಳು ಬೇಡ ಅಂದಿದ್ಲಪ್ಪ. ಮುಖದಲ್ಲಿ ಕನಿಕರದ ಕಳೆಯೇ ಇಲ್ಲ ಅಂತ. ಅಣ್ಣನ ಬಲವಂತಕ್ಕೆ ಭಾನುವಾರ ಇಟ್ಕೊಂಡಿದ್ವಿ. ಇವತ್ತು ಬಸ್ಸಲ್ಲಿ ಕಿವಿಯಲ್ಲಿ ಹೇಳಿದ್ಲು, ‘ಎರಡನೇ ಸಂಬಂಧ ಆದ್ರೂ ಸರಿ, ಮಗು ಇದ್ರೂ ಸರಿ, ಇಂಥವರಾದ್ರೆ ನಂಗೊಪ್ಪಿಗೆ’ ಅಂತ. ಇಳಿದ ಮೇಲೆ ನಿಮ್ಮ ಹೆಸರು, ಊರು ಕೇಳಬೇಕು ಅಂತಿದ್ದೆ.”

ವಿಮಲನಾಥನ ಮುಖ ಅರಳಿತು. “ಹಾಗಾದ್ರೆ ಒಳ್ಳೇದೇ ಆಯ್ತಲ್ಲಮ್ಮಾ. ಮೊದಲನೇ ಸಂಬಂಧವೇ. ಮಗೂನೂ ಇಲ್ಲ.”

ಪದ್ಮಲತಾ ಮೊದಲ ಬಾರಿಗೆ ಅವನೆದುರು ಬಾಯಿ ತೆರೆದಳು. “ಮಗು ಇಲ್ಲ, ಸರಿ. ನಾನೊಪ್ಪಿದ್ದ ಮನುಷ್ಯರೂ ಇಲ್ವಲ್ಲ.”

ಅತ್ತೆ ಸೊಸೆ ಜನರಲ್ಲಿ ಬೆರೆತುಹೋದರು.

ಸಿದ್ದಬಸಪ್ಪನ ಮನೆಯಲ್ಲಿ ಅವನ ತಾಯಿ ಸುವರ್ಣಮ್ಮ ತೊಟ್ಟಿಲು ನೋಡಿ ಕೆನ್ನೆಗೆ ಕೈಯಿಟ್ಟುಕೊಂಡರು. “ಇದೇನಪ್ಪ, ಕಲ್ಲು ಹೊತ್ಕೊಂಡು ಬಂದಿದೀಯ? ದಾರಿಗೆ ಒಂದು ತೆಂಗಿನಕಾಯಿ ಇಟ್ಟಿದ್ರೆ ಸಾಕಾಗಿತ್ತಲ್ಲ.”

ಸಿದ್ದಬಸಪ್ಪ ಮಗುವನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿದ. ದಾರಿಯಲ್ಲಿ ಆದ ಅಭ್ಯಾಸಬಲದಿಂದ ವಿಮಲನಾಥನ ಕೈ ತಾನಾಗಿ ಕುಲಾವಿ ಸರಿಮಾಡಿತು, ಕಿಟಕಿಯ ಬಿಸಿಲಿಗೆ ಅಡ್ಡವಾಯಿತು.

“ಏನ್ಲಾ, ಒಳ್ಳೆ ಅನುಭವಸ್ಥನ ಹಂಗೆ ಹಿಡ್ಕೊಂಡಿದೀಯ. ಭಾನುವಾರ ಜಾವಗಲ್ಲಿಗೆ ನಾನೂ ಬರ್ಲೇನೋ?” ಎಂದ ಗೆಳೆಯ.

ವಿಮಲನಾಥ ಮಗುವಿನ ಕಡೆ ಬಗ್ಗಿದ. ಮಗು ಬೆಚ್ಚಗಿತ್ತು, ಅವನು ಎಣಿಸಿದ್ದಕ್ಕಿಂತ ಬಹಳ ಹಗುರವಾಗಿತ್ತು. ಅವನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿ, ಬಸ್ಸಿನವರೆಲ್ಲ ದಾರಿಯುದ್ದಕ್ಕೂ ಕಾದಿದ್ದ ಅಳುವನ್ನು ಈಗ ತೆಗೆಯಿತು.