ಹಲ್ಲು ನೋಡಿ ತಂದ ಪ್ರೊಸೆಸರ್

ಗುಡಗೇರಿಯ ಸುಭಾಸ ಮಾಡಿದ ತಪ್ಪು ಒಂದೇ. ಕಂಪ್ಯೂಟರಿನ ಸಾಮಾನು ತರಲು ಹುಬ್ಬಳ್ಳಿಗೆ ಹೊರಟವನು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮೈಲಾರಪ್ಪ ಕಾಕಾನಿಗೆ ಅದನ್ನು ಹೇಳಿಬಿಟ್ಟ.

ಮೈಲಾರಪ್ಪ ಎತ್ತಿನ ದಲ್ಲಾಳಿ. ಊರಲ್ಲಿ ಯಾರೇ ಏನೇ ಕೊಳ್ಳಲಿ, ಅವನ ಕಣ್ಣು ಬೀಳದೆ ಮನೆಯೊಳಗೆ ಬರುವಂತಿರಲಿಲ್ಲ.

"ಒಬ್ಬನ ಹೊಂಟೀಯೇನ್ಲೇ? ಟೊಪ್ಪಿಗಿ ಹಾಕ್ತಾರ ನಿನಗ. ನಡಿ, ನಾ ಬರ್ತೀನಿ," ಎಂದವನೇ ಬಸ್ಸು ಹತ್ತಿ ಕಿಟಕಿಯ ಸೀಟು ಹಿಡಿದ.

ಸುಭಾಸನಿಗೆ ಮೊದಲೇ ಜೀವದಲ್ಲಿ ಜೀವವಿರಲಿಲ್ಲ. ಕಾಳಿನ ವ್ಯಾಪಾರಿ ದಾವೂದಸಾಬರ ಮಗಳು ನಾಜಮೀನಳ ಮದುವೆಯ ವಿಡಿಯೋ ಎಡಿಟಿಂಗ್ ಅರ್ಧ ಆಗುವಷ್ಟರಲ್ಲಿ ಅವನ ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿತ್ತು. ಸಂಜೆ ಬಂದು ನೋಡುತ್ತೇನೆ, ಹೊಸದು ನಡೆಯದಿದ್ದರೆ ಕೆಲಸ ಕುಂದಗೋಳದ ಸ್ಟುಡಿಯೋಕ್ಕೆ ಎಂದು ಸಾಬರು ಖಡಕ್ಕಾಗಿ ಹೇಳಿದ್ದರು. ಈ ಒಂದು ಕೆಲಸ ಕೈತಪ್ಪಿದರೆ ಊರಿನ ಉಳಿದ ಮದುವೆಗಳೂ ಅದರ ಬೆನ್ನುಹತ್ತಿ ಹೋಗುತ್ತಿದ್ದವು.

ಮೆಮೊರಿಗೆ ದೊಡ್ಡ ರ‍್ಯಾಮ್ ಒಂದು ಸಾಕೋ, ಸಣ್ಣವು ಎರಡು ಬೇಕೋ ಎಂದು ಸುಭಾಸ ಅಂಗಡಿಯಲ್ಲಿ ಬೆವರತೊಡಗಿದ.

"ಒಂದ ಎತ್ತು ಕಟ್ಟಿ ಯಾರರ ಹೊಲದಾಗ ರಂಟಿ ಹೊಡೀತಾರೇನು? ಜೋಡಿ ತಗೋ. ಬಣ್ಣ, ಎತ್ತರ ಎಲ್ಲಾ ಒಂದ ನಮೂನಿ ಇರಬೇಕು," ಎಂದ ಮೈಲಾರಪ್ಪ.

"ಖರೇ ಅದರಿ, ಜೋಡಿ ಹಾಕಿದ್ರನ ಜೋರ್ ಓಡ್ತಾವು," ಎಂದು ಅಂಗಡಿಯವನು ನಕ್ಕ. ಮೈಲಾರಪ್ಪ ಉಬ್ಬಿಹೋದ.

ಮುಂದೆ ಪ್ರೊಸೆಸರ್. ಅಗ್ಗದ್ದು ವಿಡಿಯೋ ಕೆಲಸಕ್ಕೆ ತಡೆಯಲಿಕ್ಕಿಲ್ಲ ಎಂಬ ಹೆದರಿಕೆಯಿಂದ ಸುಭಾಸ ಮೇಲ್ತರಗತಿಯದನ್ನೇ ತೆಗೆಸಿದ. ಅವನು ದುಡ್ಡು ಕೊಡುವಷ್ಟರಲ್ಲಿ ಮೈಲಾರಪ್ಪ ಡಬ್ಬಿ ಬಿಚ್ಚಿ ಅದನ್ನು ಅಂಗಾತ ಮಾಡಿದ್ದ. ಅಡಿಯಲ್ಲಿ ಸಾಲುಸಾಲಾಗಿ ಸೂಜಿಯಂಥ ಮೊನೆಗಳು.

"ಆಹಾ, ಹಲ್ಲು!" ಎಂದು, ಎತ್ತಿನ ಬಾಯಿ ತೆರೆದು ವಯಸ್ಸು ನೋಡುವವನ ಹಾಗೆ ಹೆಬ್ಬೆರಳಿನಿಂದ ಒತ್ತಿ ತಿಕ್ಕಿಬಿಟ್ಟ. "ಅಲುಗಾಡ್ತಾವಲ್ಲೋ ಇವು!"

ಅಲುಗಾಡಿರಲಿಲ್ಲ, ಬಾಗಿದ್ದವು. ಅಂಗಡಿಯವನ ನಗು ಹಾರಿಹೋಯಿತು. "ಇನ್ನ ಇದನ್ನ ವಾಪಸ್ ತಗೊಳ್ಳಾಂಗಿಲ್ರಿ," ಎಂದ.

ದಾರಿಯುದ್ದಕ್ಕೂ ಸುಭಾಸ ಡಬ್ಬಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಕೂತ. ಮನೆಗೆ ಬಂದವನೇ ಹೊಲಿಗೆಯ ಸೂಜಿ ಹಿಡಿದು ಮೊನೆಗಳನ್ನು ನೆಟ್ಟಗೆ ಮಾಡತೊಡಗಿದ. ಒಂದು ಮುರಿದರೂ ಎಲ್ಲ ಮುಗಿದಂತೆ.

"ಹಂಗ ಒತ್ತಿದ್ರ ಮುರೀತಾವ್ರಿ. ಕೊಡ್ರಿ ಇಲ್ಲೆ," ಎಂದು ಹೆಂಡತಿ ಸುವರ್ಣಾ ಸೂಜಿ ಕಸಿದುಕೊಂಡು ಉಳಿದವನ್ನು ಸರಿಮಾಡಿದಳು.

ಎಲ್ಲ ಜೋಡಿಸಿ ಗುಂಡಿ ಒತ್ತುವುದಕ್ಕೂ ದಾವೂದಸಾಬರು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಪರದೆ ಬೆಳಗಿತು. ನಾಜಮೀನಳ ಮದುವೆ ಎಲ್ಲೂ ತಡವರಿಸದೆ ಓಡಿತು.

"ಅಗದಿ ಭಾರಿ ಐತಲ್ಲೋ!" ಎಂದರು ಸಾಬರು.

"ನಾನ ಆರಿಸೇನ್ರಿ," ಎಂದ ಬಸ್ಸಿಳಿದಾಗಿನಿಂದ ಅಲ್ಲೇ ಠಿಕಾಣಿ ಹೂಡಿದ್ದ ಮೈಲಾರಪ್ಪ.

ಸುಭಾಸನ ಕಣ್ಣಲ್ಲಿ ನೀರೇ ಬಂತು. ಸಂಭ್ರಮದಿಂದ ಚಹಾ ತರಲು ಒಳಗೆ ಓಡಿದ.

ಹೊರಗೆ ಬಂದಾಗ ಸಾಬರ ಕೈಯೂ ಕಾಕಾನ ಕೈಯೂ ಒಂದೇ ಟವೆಲಿನ ಕೆಳಗಿದ್ದವು. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೀಗೆ ಬೆರಳು ಹಿಡಿದೇ ಗೊತ್ತುಮಾಡುತ್ತಾರೆ. ಕೈ ಕುಲುಕಿದ ಮೇಲೆ ಹಿಂದೆ ಸರಿದರೆ ಮಾನ ಹೋದಂತೆ.

"ಏನ್ ನಡಿಸೀರಿ ಕಾಕಾ?"

ಮೈಲಾರಪ್ಪ ಸಾಬರ ಕೈ ಕುಲುಕಿ ಟವೆಲ್ ಕೊಡವಿದ. "ಮುಗೀತು. ಸಾಬರ ಮನಸ್ಸಿಗಿ ಬಂತು, ಕಂಪ್ಯೂಟರ್ ಕೊಟ್ಟಬಿಟ್ಟೆ."

"ಕೊಟ್ಟಬಿಟ್ರಿ? ನಂದು?"

"ನಮ್ಮ ನಾಜಮೀನ್ ಕಲ್ತಾಕಿ ಅದಾಳಪಾ," ಎಂದರು ದಾವೂದಸಾಬರು ಚಹಾ ಎತ್ತಿಕೊಳ್ಳುತ್ತ. "ತನ್ನ ಮದವಿ ವಿಡಿಯೋ ತಾನ ಮಾಡ್ಕೋತಾಳ. ಊರಾಗಿನ ಉಳಿದ ಮದವಿಗೋಳೂ ಆಕೀನ ಮಾಡ್ಲಿ ಬಿಡು."

ಸುಭಾಸ ಖಾಲಿ ತಟ್ಟೆ ಹಿಡಿದು ನಿಂತೇ ಇದ್ದ. ಮೈಲಾರಪ್ಪ ಅವನ ಬೆನ್ನು ಚಪ್ಪರಿಸಿದ.

"ಮಾರಿ ಯಾಕ ಸಣ್ಣ ಮಾಡ್ತೀಲೇ? ನಾಳಿ ಮತ್ತ ಹುಬ್ಬಳ್ಳಿಗಿ ಹೋಗೂಣು. ಇದಕ್ಕಿಂತ ಚಲೋದು ಆರಿಸಿ ಕೊಡ್ತೀನಿ."